ಅಪ್ಪ ನಡೆಯದ ಹೆಜ್ಜೆಗಳು

ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸಿದ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಬಾಗಿಲನ್ನು ಜೋರಾಗಿ ಹಾಕುತ್ತಿರಲಿಲ್ಲ. ಅವನು ಕೆಮ್ಮಿದರೆ ಸಾಕು, ಅಮ್ಮ ಒಲೆ ಆರಿಸಿ ಓಡಿ ಬರುತ್ತಿದ್ದಳು. ಕೆಳಗೆ ಬಿದ್ದ ಕರವಸ್ತ್ರ ಎತ್ತಿಕೊಳ್ಳಲೂ ನಾನು ಬಿಡುತ್ತಿರಲಿಲ್ಲ. ನಮ್ಮ ಮುಖ ನೋಡಿಯೇ ಅವನಿಗೆ ಅರ್ಧ ಜೀವ ಹೋಗಿರಬೇಕು.

ಅಪ್ಪ ಗಡಿಯಾರ ರಿಪೇರಿಯವನು. ನಲವತ್ತು ವರ್ಷ ಒಂದೇ ಸ್ಟೂಲು, ಒಂದೇ ಕಿಟಕಿ, ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. 'ಒಂದ್ ಸೆಕೆಂಡು' ಎಂದು ಗಿರಾಕಿಗಳನ್ನು ಅರ್ಧ ಗಂಟೆ ನಿಲ್ಲಿಸುತ್ತಿದ್ದುದರಿಂದ ಬೀದಿಯವರಿಗೆಲ್ಲ ಅವನು ಸೆಕೆಂಡಣ್ಣ. ಸವೆದ ಗಡಿಯಾರ ರಿಪೇರಿ ಮಾಡಿ ಕೊಡುವಾಗ ಅವನು ತಪ್ಪದೆ ಹೇಳುವ ಮಾತೊಂದಿತ್ತು: 'ಓಡ್ತಿದೆ, ಆದ್ರೆ ಜಾಸ್ತಿ ಅಲ್ಲಾಡಿಸ್ಬೇಡಿ.' ಆಸ್ಪತ್ರೆಯಿಂದ ಬಂದವನು ತನ್ನ ಎದೆಗೂ ಅದೇ ನಿಯಮ ಹಾಕಿಕೊಂಡ. ಬೆಳಿಗ್ಗೆ ಆಟೋದಲ್ಲಿ ಅಂಗಡಿಗೆ, ಸಂಜೆ ಆಟೋದಲ್ಲಿ ಮನೆಗೆ. ನಡುವೆ ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ.

ರಕ್ತದಲ್ಲಿನ ಸಕ್ಕರೆಯ ಮಟ್ಟ ಮಾತ್ರ ಏರುತ್ತಲೇ ಹೋಯಿತು. ಸಿಹಿ ಬಿಟ್ಟ, ಅನ್ನ ಅರ್ಧ ಮಾಡಿದ, ಆದರೂ ಏರಿತು. ಹೃದಯದ ಡಾಕ್ಟರಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ನಿಮ್ಮ ದೇಹದಲ್ಲಿ ಇನ್ಸುಲಿನ್ ಇದೆ. ಆದ್ರೆ ಸ್ನಾಯುಗಳು ಅದರ ಮಾತು ಕೇಳ್ತಿಲ್ಲ. ಹೀಗೇ ಬಿಟ್ರೆ ರಕ್ತನಾಳ ಮತ್ತೆ ಕಟ್ಕೊಳ್ಳುತ್ತೆ. ದಿನಾ ನಡೀರಿ. ನಡೆಯೋ ಸ್ನಾಯು ಮಾತು ಕೇಳುತ್ತೆ."

ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೆಜ್ಜೆ ಎಣಿಸುವ ಒಂದು ಪುಟ್ಟ ಯಂತ್ರವನ್ನೂ ಕೊಟ್ಟರು. ದಿನಕ್ಕೆ ಆರು ಸಾವಿರ ಹೆಜ್ಜೆ.

ಅಂದಿನಿಂದ ಅಪ್ಪ ಲೆಕ್ಕ ತಪ್ಪಲಿಲ್ಲ. ಒಂದು ದಿನ ಆರು ಸಾವಿರದ ನೂರು, ಇನ್ನೊಂದು ದಿನ ಐದು ಸಾವಿರದ ಒಂಬೈನೂರು. ಅಂಗಡಿಯ ಹಿಂದಿನ ಓಣಿಯಲ್ಲಿ ನಡೆಯುತ್ತೇನೆ ಎನ್ನುತ್ತಿದ್ದ. ಎರಡು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. ಸಕ್ಕರೆ ಇನ್ನೂ ಹೆಚ್ಚಾಗಿತ್ತು. ಡಾಕ್ಟರಮ್ಮ ಅಪ್ಪ ಬರೆದಿಟ್ಟಿದ್ದ ಹೆಜ್ಜೆಗಳ ಪಟ್ಟಿಯನ್ನು ಎರಡು ಸಲ ಓದಿದರು. "ಇಷ್ಟು ನಡೆದೂ ಇಳೀತಿಲ್ಲ ಅಂದ್ರೆ ನಂಗೆ ಯೋಚನೆ ಆಗ್ತಿದೆ. ಮಂಗಳವಾರ ಬನ್ನಿ, ಇನ್ಸುಲಿನ್ ಸೂಜಿ ಶುರು ಮಾಡೋಣ. ರಕ್ತನಾಳಾನೂ ಇನ್ನೊಂದ್ಸಲ ನೋಡ್ಬೇಕು."

ಅಮ್ಮ ನನ್ನ ತೋಳನ್ನು ಉಗುರು ಊರುವಂತೆ ಹಿಡಿದುಕೊಂಡಳು. ಅಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದ.

ಮರುದಿನ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಅಪ್ಪ ಭೂತಗನ್ನಡಿ ಹಾಕಿಕೊಂಡು ಕೂತಿದ್ದ. ಅವನ ಬೆನ್ನ ಹಿಂದೆ ದೊಡ್ಡ ಗೋಡೆ ಗಡಿಯಾರ ಬಾಗಿಲು ತೆರೆದುಕೊಂಡು ಓಡುತ್ತಿತ್ತು. ಅದರ ಪೆಂಡುಲಮ್ಮಿಗೆ ಕಪ್ಪು ದಾರದಲ್ಲಿ ಕಟ್ಟಿದ್ದ ಹೆಜ್ಜೆ ಯಂತ್ರ ಅತ್ತಿಂದಿತ್ತ ತೂಗುತ್ತ, ಸುಖವಾಗಿ ವಾಕಿಂಗ್ ಮಾಡುತ್ತಿತ್ತು.

ಮೊದಲು ನಗು ಬಂತು. ಮರುಕ್ಷಣವೇ ವಿಷಯ ಹೊಳೆಯಿತು. ಎರಡು ತಿಂಗಳಿಂದ ಅಪ್ಪ ಒಂದು ಹೆಜ್ಜೆಯನ್ನೂ ನಡೆದಿಲ್ಲ. ಡಾಕ್ಟರಮ್ಮ ಔಷಧಿ ಬರೆಯುತ್ತಿರುವುದು ಈ ಗಡಿಯಾರಕ್ಕೆ.

"ಏನಪ್ಪಾ ಇದು?"

ಅವನು ತಿರುಗಿ ನೋಡಿದ. ಭೂತಗನ್ನಡಿ ಜಾರಿ ಮಡಿಲಿಗೆ ಬಿತ್ತು. "ಆರು ಸಾವಿರ ಆದ್ಮೇಲೆ ತೆಗೆದುಬಿಡ್ತೀನಿ," ಅಂದ, ಅದೇ ಸಮಾಧಾನವೆಂಬಂತೆ.

"ಮಂಗಳವಾರ ಸೂಜಿ ಅಂದ್ರಲ್ಲ, ಆವಾಗ್ಲಾದ್ರೂ ಬಾಯಿ ಬಿಡಬಾರ್ದಿತ್ತಾ?"

"ಸೂಜಿ ಕೂತಲ್ಲೇ ಚುಚ್ಚಿಸ್ಕೋಬಹುದಲ್ಲ." ಅವನ ಸ್ವರ ಸಣ್ಣಗಾಯಿತು. "ಮೊದಲ್ನೇ ದಿನ ಓಣಿಗೆ ಹೋಗಿದ್ದೆ ಮಗಳೇ. ಇಪ್ಪತ್ತು ಹೆಜ್ಜೆಗೆ ಎದೆ ಡವಡವ ಅಂತು. ಅವತ್ತು ನೋವು ಬಂದಾಗ್ಲೂ ಹಂಗೇ ಅಂದಿತ್ತು. ಗೋಡೆ ಹಿಡ್ಕೊಂಡು ವಾಪಸ್ ಬಂದೆ. ಸಾಯೋಕೆ ಭಯ ನಂಗೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದದ್ದನ್ನು ಬೈದೆ. ನಡೆಯದೆ ಇದ್ದರೆ ಬೇಗ ಸಾಯುತ್ತೀಯ ಎಂದೂ ಅಂದುಬಿಟ್ಟೆ. ಅವನು ಅಂಗಿಯ ಗುಂಡಿ ತಿರುಗಿಸುತ್ತ ಕೂತ. ಊಟ ಹಾಗೇ ಉಳಿಯಿತು.

ಮಂಗಳವಾರ ಅವನೇ ಹೇಳಿದ. ಪೆಂಡುಲಮ್ಮಿನ ವಿಷಯ ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾನು ಇನ್ಸುಲಿನ್ ಕೊಡೋದ್ರಲ್ಲಿದ್ದೆ" ಎಂದರು. ಆಮೇಲೆ ಅವನ ಎದೆಗೆ ತಂತಿಗಳನ್ನು ಅಂಟಿಸಿ, ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿದರು. ಅಪ್ಪ ಹಿಡಿಕೆಯನ್ನು ಬಿಗಿಯಾಗಿ ಹಿಡಿದ. ಎದೆ ಬಡಿತ ಏರಿದಾಗಲೆಲ್ಲ ನನ್ನ ಕಡೆ ನೋಡಿದ. ನಾನು ಅವನ ಎದೆ ಬಡಿತ ತೋರಿಸುವ ಪರದೆಯ ಗೆರೆಗಳನ್ನೇ ದಿಟ್ಟಿಸುತ್ತಿದ್ದೆ, ಅವುಗಳ ತಲೆಬುಡ ಗೊತ್ತಾಗದೆ.

"ನೋಡಿ, ಇದು ನೋವಲ್ಲ, ಕೆಲಸ ಮಾಡ್ತಿರೋ ಹೃದಯ," ಎಂದರು ಅವರು. "ಈ ವೇಗದಲ್ಲಿ ದಿನಾ ನಡೀಬಹುದು. ಎದೆ ಹಿಂಡಿದಂಗಾದ್ರೆ ನಿಂತು ಫೋನ್ ಮಾಡಿ. ಮೂರು ತಿಂಗಳು ನೋಡಿ ಸೂಜಿ ವಿಷಯ ಮಾತಾಡೋಣ."

ಮರುದಿನ ಬೆಳಿಗ್ಗೆ ಅಪ್ಪ ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ಹತ್ತು ನಿಮಿಷ ನಿಂತ. ಅಮ್ಮ ಒಳಗಿಂದ ಹೊರಗೆ ಬರಲೇ ಇಲ್ಲ, ನೋಡುವ ಧೈರ್ಯವಿಲ್ಲವೆಂದಳು. ಕೊನೆಗೆ ಅವನು ರಸ್ತೆಗಿಳಿದ. ನಾನು ಹಿಂದೆಯೇ ಹೊರಟೆ. ಬೀದಿದೀಪದ ಕಂಬದವರೆಗೆ ಹೋದ, ಔಷಧಿ ಅಂಗಡಿ ದಾಟಿದ, ಏರು ಶುರುವಾಯಿತು. ಅವನ ಕುತ್ತಿಗೆಯ ಹಿಂದೆ ಬೆವರು ಕಂಡಿತು. ಡಾಕ್ಟರಮ್ಮನ ಮಾತು, ಪರದೆಯ ಗೆರೆ, ನಾನೇ ಅವನಿಗೆ ಬೈದ ಬೈಗುಳ ಎಲ್ಲ ನನ್ನ ತಲೆಯಿಂದ ಹಾರಿಹೋದವು. ಓಡಿಹೋಗಿ ಅವನ ತೋಳು ಹಿಡಿದುಕೊಂಡೆ.

"ಸಾಕಪ್ಪ, ಇವತ್ತಿಗೆ ಇಷ್ಟೇ ಸಾಕು. ಬಾ, ಆಟೋ ಕರೀತೀನಿ."

ಅಪ್ಪ ಏದುಸಿರು ಬಿಡುತ್ತ ನನ್ನ ಕೈ ನೋಡಿದ. ಅದು ಅವನ ತೋಳನ್ನು ಬಿಡುತ್ತಲೇ ಇರಲಿಲ್ಲ. ಒಂದೊಂದೇ ಬೆರಳು ಬಿಡಿಸಿದ.

"ನನ್ನ ಭಯಾನೇ ನಂಗೆ ಹೊರೋಕಾಗ್ತಿಲ್ಲ ಮಗಳೇ," ಅಂದ. "ನಿಂದು ನೀನೇ ಇಟ್ಕೋ."

ಏರು ಹತ್ತತೊಡಗಿದ.