ಸಕ್ಕರೆಯ ಬಣ್ಣ ನೋಡುತ್ತಿದ್ದ ಅಮ್ಮ

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಪ್ಪ ಅಮ್ಮ ಊಟದ ಮೆಸ್ ನಡೆಸುತ್ತಿದ್ದರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಮುಳುಗಡೆಯಾಗುವ ಜಮೀನು ಅಳೆಯಲು ಬಂದವರು, ಪರಿಹಾರದ ಕೆಲಸಕ್ಕೆಂದು ವರ್ಗವಾಗಿ ಬಂದ ಗುಮಾಸ್ತರು, ಕಛೇರಿ ಕೆಲಸಕ್ಕೆ ಬಂದು ವಾಪಸು ಬಸ್ಸಿಗೆ ಕಾಯುವ ಹಳ್ಳಿಯವರು, ಎಲ್ಲರೂ ಮಧ್ಯಾಹ್ನ ನಮ್ಮ ಮಣೆಗಳ ಮೇಲೆ ಕೂರುತ್ತಿದ್ದರು. ಅಡುಗೆ ಅಮ್ಮನದು, ಬಡಿಸುವುದು ಅಪ್ಪನದು. ನಾನು ಆಗಷ್ಟೇ ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರಾಗಿ ಸೇರಿದ್ದೆ.

ಒಂದು ಬೇಸಿಗೆಯಲ್ಲಿ ಸೌದೆಯ ಕೊರಡು ಜಾರಿ ಅಮ್ಮನ ಕಾಲಿನ ಮೇಲೆ ಬಿತ್ತು. ಹೆಬ್ಬೆರಳ ಹತ್ತಿರ ಸಣ್ಣ ಗಾಯ. ಅರಿಸಿನ ಮೆತ್ತಿದಳು, ಕೊಬ್ಬರಿ ಎಣ್ಣೆ ಸವರಿದಳು, ಅಷ್ಟಕ್ಕೆ ಬಿಟ್ಟಳು. ಗಾಯ ಮಾತ್ರ ಒಣಗಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಅದರ ಅಂಚು ಕಪ್ಪಾಗಿ, ಒಳಗೆ ಒದ್ದೆ ಉಳಿದುಕೊಂಡಿತ್ತು. ಅಮ್ಮ ಕುಂಟುತ್ತಲೇ ಅನ್ನ ಬಸಿಯುತ್ತಿದ್ದಳು. ಒಲೆಯ ಪಕ್ಕ ನೀರಿನ ಚೊಂಬು ಇಟ್ಟುಕೊಂಡು ಆಗಾಗ ಎತ್ತಿ ಕುಡಿಯುತ್ತಿದ್ದಳು. ಒಲೆಯ ಬಿಸಿಗೆ ಬಾಯಾರಿಕೆ ಎಂದುಕೊಂಡಿದ್ದೆವು.

ಅರಳಸುರಳಿಯಿಂದ ಅಮ್ಮನ ತಾಯಿ ಬಂದರು. ಮಗಳನ್ನು ಕಂಡವರೇ ಅವಳ ರವಿಕೆಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರು. ಬಟ್ಟೆ ಸಡಿಲವಾಗಿ ಜೋತಾಡಿತು.

"ಎಂತದೇ ಇದು, ಹಿಂಗೆ ಬಡಕಲಾಗಿದ್ದೀಯಲ್ಲ? ಊಟ ಮಾಡ್ತೀಯೋ ಇಲ್ಲೋ?"

"ಮೊದಲಿಗಿಂತ ಜಾಸ್ತಿನೇ ಮಾಡ್ತೀನಿ ಅಬ್ಬೆ. ಹಸಿವು ತಡೆಯಾಕೆ ಆಗಲ್ಲ."

ಮಾರನೆಯ ಬೆಳಿಗ್ಗೆ ಅಜ್ಜಿ ಬಚ್ಚಲಿನಿಂದ ಹೊರಬಂದು, "ಇವಳು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತಿದಾವೆ. ಇವತ್ತೇ ಡಾಕ್ಟ್ರ ಹತ್ರ ಹೋಗಿ," ಎಂದರು. ಅವರ ಅಣ್ಣ ಇದೇ ಕಾಯಿಲೆಯಿಂದ ಕಾಲು ಕಳೆದುಕೊಂಡಿದ್ದನಂತೆ. ಅದನ್ನು ಅಜ್ಜಿ ನನಗೆ ಹೇಳಿದರು, ಅಮ್ಮನಿಗೆ ಹೇಳಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಬಯಲುಸೀಮೆಯ ಕಡೆಯಿಂದ ಒಬ್ಬ ಹರೆಯದ ಡಾಕ್ಟರು ಬಂದಿದ್ದರು. ಅವರು ಗಾಯ ನೋಡಿ, ನೀರು ಎಷ್ಟು ಕುಡಿಯುತ್ತೀರಿ ಎಂದು ಕೇಳಿ, ಒಂದು ಸೀಸೆ ಕೊಟ್ಟು ಮೂತ್ರ ಹಿಡಿದು ತರಲು ಅಮ್ಮನನ್ನು ಹಿತ್ತಿಲಿಗೆ ಕಳಿಸಿದರು. ಆಮೇಲೆ ನಮ್ಮ ಎದುರಿಗೇ ಗಾಜಿನ ನಳಿಗೆಯೊಂದಕ್ಕೆ ತಿಳಿನೀಲಿ ಔಷಧಿ ಸುರಿದು, ಅದಕ್ಕೆ ಸೀಸೆಯಿಂದ ಕೆಲವು ಹನಿ ಹಾಕಿ, ಸ್ಪಿರಿಟ್ ದೀಪದ ಮೇಲೆ ಕುದಿಸಿದರು. ನೀಲಿ ಮೊದಲು ಹಸಿರಾಯಿತು. ಹಸಿರು ಹಳದಿಯಾಯಿತು. ಹಳದಿ ಕೆಂಪಿಗೆ ತಿರುಗಿ ಕೊನೆಗೆ ಇಟ್ಟಿಗೆಯ ಪುಡಿ ಕಲಸಿದ ಹಾಗೆ ಗಟ್ಟಿಯಾಗಿ ನಿಂತಿತು.

"ನೋಡಮ್ಮಾ, ಇದೆಲ್ಲಾ ಸಕ್ಕರೆ," ಎಂದರು ಡಾಕ್ಟರು.

ಅಮ್ಮ ಹೆದರುತ್ತಾಳೆಂದು ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ನಳಿಗೆಯ ಹತ್ತಿರ ಬಗ್ಗಿದಳು.

"ಇವಳದ್ದು ಹಾಕಿದ್ರೂ ಹಿಂಗೇ ಆಗ್ತದಾ ಡಾಕ್ಟ್ರೇ?"

ಡಾಕ್ಟರು ನಕ್ಕರು. ನನಗೆ ನಾಚಿಕೆಯಾಯಿತು, ಆದರೆ ಅಮ್ಮ ಬಿಡುವವಳಲ್ಲ. ನನ್ನದನ್ನೂ ಕುದಿಸಿದರು. ನೀಲಿ ನೀಲಿಯಾಗಿಯೇ ಉಳಿಯಿತು. ಅಮ್ಮ ಎರಡು ನಳಿಗೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳು ಹಾಗೆ ನೋಡುತ್ತಿದ್ದದ್ದು ಪಾಕದ ಎಳೆಯನ್ನು ಮಾತ್ರ.

ಡಾಕ್ಟರು ಮಾತ್ರೆ ಕೊಟ್ಟರು, ಗಾಯಕ್ಕೆ ಔಷಧಿ ಹಾಕಿ ಕಟ್ಟಿದರು, ಸಿಹಿ ಬಿಡಬೇಕು, ಅನ್ನ ಕಡಿಮೆ ಮಾಡಿ ಗೋಧಿ ತಿನ್ನಬೇಕು ಎಂದರು. ಮತ್ತೆ ಮತ್ತೆ ಪರೀಕ್ಷೆಗೆ ಬರಬೇಕು ಎಂದಾಗ ಅಮ್ಮ, ಅಡುಗೆ ಹೊತ್ತಿಗೆ ಮೆಸ್ ಬಿಟ್ಟು ಬರಲಿಕ್ಕಾಗುವುದಿಲ್ಲ, ಆ ನೀಲಿ ಔಷಧಿ ಕೊಟ್ಟರೆ ಮನೆಯಲ್ಲೇ ನೋಡಿಕೊಳ್ಳುತ್ತೇವೆ ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಟೀಚರೆಂದು ತಿಳಿದ ಮೇಲೆ ಒಪ್ಪಿ, ಒಂದು ಬಾಟಲಿಯನ್ನೂ ನಳಿಗೆಯನ್ನೂ ಅದನ್ನು ಹಿಡಿಯುವ ಮರದ ಚಿಮಟವನ್ನೂ ಕೊಟ್ಟರು.

ಮನೆಯಲ್ಲಿ ಅಪ್ಪ ಸಿಡಿದರು. "ಅಡುಗೆಮನೇಲಿ ಉಚ್ಚೆ ಕುದಿಸ್ತೀಯಾ? ಊಟಕ್ಕೆ ಬರೋರಿಗೆ ಗೊತ್ತಾದ್ರೆ ಒಂದು ನರಪಿಳ್ಳೆ ಬರಲ್ಲ."

ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಾಗಾಗಿ ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಒಂದು ಹಲಗೆ ಇಟ್ಟು, ಸ್ಪಿರಿಟ್ ದೀಪ ಹಚ್ಚಿ, ಅಲ್ಲಿ ನಮ್ಮ ಪರೀಕ್ಷೆ ಶುರುವಾಯಿತು. ಮಾತ್ರೆಗೆ ಮೊದಲ ವಾರದಲ್ಲೇ ಇಟ್ಟಿಗೆ ಬಣ್ಣ ಹೋಗಿ ಕಿತ್ತಳೆ ಬಂತು. ಆದರೆ ಅಲ್ಲೇ ನಿಂತುಬಿಟ್ಟಿತು. ಅಮ್ಮ ಅನ್ನ ಮುಟ್ಟುತ್ತಿರಲಿಲ್ಲ, ಸಿಹಿ ಬಾಯಿಗಿಡುತ್ತಿರಲಿಲ್ಲ. ಹೊಟ್ಟೆ ತುಂಬ ಚಪಾತಿ, ಆಲೂಗಡ್ಡೆ ಪಲ್ಯ. ಗೋಧಿ ಎಂದರೆ ಔಷಧಿ ಎಂದೇ ಅವಳು ತಿಳಿದುಕೊಂಡಿದ್ದಳು. ಹಾಗಾಗಿ ಎಷ್ಟು ಹೆಚ್ಚು ತಿಂದರೆ ಅಷ್ಟು ಒಳ್ಳೆಯದು ಎಂದು ಅವಳ ಲೆಕ್ಕ.

ಒಂದು ದಿನ ಗೋಧಿಹಿಟ್ಟು ಮುಗಿದಿತ್ತು. ಅಮ್ಮ ಹಸಿವು ತಾಳಲಾರದೆ ಒಂದು ಸೌಟು ಅನ್ನಕ್ಕೆ ಬಸಳೆ ಹುಳಿ ಹಾಕಿಕೊಂಡು, ಹುರುಳಿ ಪಲ್ಯದ ಜೊತೆ ಉಂಡಳು. ತಪ್ಪು ಮಾಡಿದೆನೆಂದು ಪೇಚಾಡಿಕೊಳ್ಳುತ್ತಲೇ ಸಂಜೆ ಕೊಟ್ಟಿಗೆಗೆ ಬಂದಳು. ನಳಿಗೆಯಲ್ಲಿ ಬಂದದ್ದು ಎಳೆ ಹಸಿರು.

"ಔಷಧಿ ಸರಿ ಹಾಕಿದ್ಯಾ ನೀನು?"

"ಹಾಕಿದೀನಿ ಅಮ್ಮಾ."

"ಹಂಗಾದ್ರೆ ನಾಳೆ ಇನ್ನೊಂದ್ಸಲ ಅದನ್ನೇ ಉಣ್ತೀನಿ. ನೋಡಾಣ."

ಮಾರನೆಯ ದಿನವೂ ಹಸಿರು. ಅದರ ಮಾರನೆಯ ದಿನ ಬೇಕೆಂದೇ ಚಪಾತಿ, ಕಿತ್ತಳೆ. ಆಮೇಲೆ ಒಂದೇ ಚಪಾತಿ, ಮತ್ತೆ ಹಸಿರು. ಅಮ್ಮನಿಗೆ ಕಾಯಿಲೆಯ ಭಯಕ್ಕಿಂತ ಈ ಬಣ್ಣದ ಆಟದ ಕುತೂಹಲ ಜಾಸ್ತಿಯಾಯಿತು. ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿಸಿಕೊಂಡರು.

"ನಾನು ಗೋಧಿ ಅಂದೆ, ಎಷ್ಟು ಅಂತ ಹೇಳ್ಲಿಲ್ಲ. ಅಲ್ವಾ?" ಎಂದರು. "ಯಾವುದು ಅನ್ನೋದಕ್ಕಿಂತ ಎಷ್ಟು ಅನ್ನೋದು ಮುಖ್ಯ. ಇನ್ಮೇಲೆ ಹೀಗೇ ಹೇಳ್ತೀನಿ ಎಲ್ಲರಿಗೂ."

"ಇವತ್ತು ಬೆಳಿಗ್ಗೆ ಪೂರ್ತಿ ನೀಲಿ ಇತ್ತು ಡಾಕ್ಟ್ರೇ. ನಿನ್ನೆ ಬಸ್ಸು ಕೆಟ್ಟು ರಿಪ್ಪನ್‌ಪೇಟೆ ರಸ್ತೇಲಿ ಸುಮಾರು ದೂರ ನಡೆದಿದ್ದೆ. ನಡೆದ್ರೆ ಸಕ್ಕರೆ ಎಲ್ಲಿಗೆ ಹೋಗ್ತದೆ?"

"ಒಲೆಗೆ ಸೌದೆ ಇಟ್ಟ ಹಾಗೆ. ಕಾಲು ನಡೆದಾಗ ಅದನ್ನ ಸುಟ್ಟುಕೊಳ್ತದೆ."

ಈ ಉತ್ತರ ಅಮ್ಮನಿಗೆ ಬಹಳ ಹಿಡಿಸಿತು. ಗಾಯ ಅಷ್ಟು ಹೊತ್ತಿಗೆ ಅಂಚಿನಿಂದ ಕೂಡಿಕೊಳ್ಳುತ್ತಾ ಬಂದಿತ್ತು. ಪೂರ್ತಿ ಮಾಯ್ದ ಮೇಲೆ ಅವಳು ಸಂಜೆ ಮೆಸ್ಸಿನ ಪಾತ್ರೆ ತೊಳೆದಿಟ್ಟು ಚಪ್ಪಲಿ ಮೆಟ್ಟಿ ಊರಾಚೆಯ ದಿಬ್ಬದವರೆಗೆ ನಡೆಯತೊಡಗಿದಳು. ಹೆಂಗಸರು ಚಪ್ಪಲಿ ಹಾಕಿಕೊಂಡು ಸುಮ್ಮನೆ ಹೋಗಿ ಸುಮ್ಮನೆ ಬರುವುದನ್ನು ಊರು ಅದೇ ಮೊದಲು ನೋಡಿದ್ದು. "ಎಲ್ಲಿಗೆ ಹೊರಟ್ರಿ?" ಎಂದು ಕೇಳಿದವರಿಗೆ ಅಮ್ಮ, "ಎಲ್ಲಿಗೂ ಇಲ್ಲ," ಎನ್ನುತ್ತಿದ್ದಳು.

ನೀಲಿ ಬಣ್ಣ ಹೀಗೇ ಉಳಿದಾಗ ಅಮ್ಮ ನಮಗೆ ಹೇಳದೆ ಮಾತ್ರೆ ನಿಲ್ಲಿಸಿದಳು. ಗಾಯ ಮಾಯ್ದಿದೆ, ನೀರು ನೀಲಿಯಿದೆ, ಇನ್ನೇಕೆ? ಕೆಲವೇ ದಿನಗಳಲ್ಲಿ ಇಟ್ಟಿಗೆ ಬಣ್ಣ ಮರಳಿತು. ಅವತ್ತು ಮೊದಲ ಸಲ ಅವಳು ಕೊಟ್ಟಿಗೆಯಲ್ಲಿ ಸೌದೆಯ ಮೇಲೆ ಕುಸಿದು ಕೂತದ್ದನ್ನು ನೋಡಿದೆ. ಡಾಕ್ಟರು ಬೈಯಲಿಲ್ಲ.

"ಇದು ಜ್ವರದ ಹಾಗೆ ಬಂದು ಹೋಗೋದಲ್ಲಮ್ಮ. ಒಲೆ ಮೇಲಿನ ಹಾಲಿನ ಹಾಗೆ. ನೀವು ನೋಡ್ತಾ ಇರೋ ತನಕ ಉಕ್ಕಲ್ಲ."

"ಜೀವಮಾನ ಪೂರ್ತಿ ನೋಡ್ತಾ ಕೂರ್ಬೇಕಾ?"

"ಹೌದು."

"ಹಾಲು ಕಾಯಿಸೋಕೆ ನಂಗೇನು ಬೇಜಾರಿಲ್ಲ," ಎಂದಳು ಅಮ್ಮ. ಆಮೇಲೆ ಮಾತ್ರೆ ತಪ್ಪಿಸಲಿಲ್ಲ.

ಮೆಸ್ಸಿಗೆ ಬರುತ್ತಿದ್ದವರಲ್ಲಿ ಸಾಗರದ ಕಡೆಯ ಒಬ್ಬ ಗುಮಾಸ್ತನಿದ್ದ. ಗುಂಡಗೆ, ನಗುಮುಖದವನು, ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಊಟದ ನಡುವೆ ಎದ್ದು ಹೋಗುತ್ತಾನೆ, ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ ಎಂಬುದನ್ನು ಅಮ್ಮ ಅಡುಗೆಮನೆಯ ಬಾಗಿಲಿನಿಂದ ಗಮನಿಸಿದ್ದಳು. ಅವನನ್ನು ಪರೀಕ್ಷೆಗೆ ಕೇಳಿ ಎಂದು ಅಪ್ಪನಿಗೆ ದುಂಬಾಲು ಬಿದ್ದಳು.

"ಎಂತ ಅಂತ ಕೇಳ್ಲಿ? ಸಾರು ಬಡಿಸ್ತಾ ಉಚ್ಚೆ ಕೊಡಿ ಅಂತ ಕೇಳ್ಲಾ?" ಎಂದರು ಅಪ್ಪ.

ಆದರೂ ಒಂದು ಮಧ್ಯಾಹ್ನ ಕೈತೊಳೆಯುವ ಜಾಗದಲ್ಲಿ, ಬೇರೆ ಯಾರೂ ಇಲ್ಲದಾಗ ಕೇಳಿದರು. ಅವನು ತಮಾಷೆಯೆಂದು ನಕ್ಕು, ಮಾರನೆಯ ಬೆಳಿಗ್ಗೆ ಸೀಸೆ ತಂದುಕೊಟ್ಟು ತಾನೂ ಕೊಟ್ಟಿಗೆಯಲ್ಲಿ ನಿಂತು ನೋಡಿದ. ಇಟ್ಟಿಗೆ ಬಣ್ಣ ಬರುವಾಗ ಅವನ ನಗು ನಿಂತಿತು. "ನಿಮ್ಮ ಔಷಧಿ ಕೆಟ್ಟಿದೆ," ಎಂದು ಹೊರಟುಹೋದ. ಮರುದಿನದಿಂದ ಬೇರೆ ಹೋಟೆಲಿಗೆ ಹೋಗತೊಡಗಿದ.

ಅಮ್ಮ ಅಡುಗೆ ಮಾಡುತ್ತಲೇ ಎರಡು ದಿನ ಮಂಕಾಗಿದ್ದಳು. ಇರುವ ಗಿರಾಕಿಯನ್ನೂ ಓಡಿಸಿದೆಯೆಂದು ಅಪ್ಪ ರೇಗುತ್ತಾರೆ ಎಂದುಕೊಂಡಿದ್ದೆ. ಆದರೆ ಅಪ್ಪ ಶರಟು ತೊಟ್ಟು ಅವನ ಬಾಡಿಗೆ ಕೋಣೆಗೆ ಹೋದರು. ಅವರೇನು ಹೇಳಿದರೆಂದು ನನಗೆ ಆಮೇಲೆ ಗೊತ್ತಾಯಿತು. "ಡಾಕ್ಟ್ರಲ್ಲಿಗೆ ಹೋಗ್ಲೇಬೇಕು ಅಂತ ಹೇಳಲ್ಲ ಮಾರಾಯ್ರೆ. ಒಂದ್ಸಲ ಬಂದು ನಮ್ಮನೆಯವಳ ಕಾಲು ನೋಡಿ ಸಾಕು." ಅವನು ಬಂದ. ಅಮ್ಮ ಸೀರೆಯ ಅಂಚು ಸ್ವಲ್ಪ ಎತ್ತಿ ಹೆಬ್ಬೆರಳ ಪಕ್ಕದ ಕಲೆ ತೋರಿಸಿದಳು. ಕಲೆ ಚಿಕ್ಕದು, ಆದರೆ ಆಳವಾಗಿತ್ತು. ಅವನು ಬಗ್ಗಿ ನೋಡಿದ. ಅದೇ ದಿನ ಆಸ್ಪತ್ರೆಗೆ ಹೋದನೆಂದು ಕಾಂಪೌಂಡರ್ ಹೇಳಿದ.

ಅವನು ಮತ್ತೆ ನಮ್ಮ ಮಣೆಗೇ ಬಂದು ಕೂತ. ಅಪ್ಪ ಅವನ ಎಲೆಗೆ ಅನ್ನ ಒಂದೇ ಸಲ ಬಡಿಸಿ, ಸೊಪ್ಪಿನ ಪಲ್ಯವನ್ನು ಕೇಳದೆಯೇ ಎರಡನೆಯ ಸಲ ಬಡಿಸುತ್ತಿದ್ದರು. ವರ್ಗವಾಗಿ ಹೋಗುವ ಮುಂಚೆ ಹೆಂಡತಿಯನ್ನು ಕರೆದುಕೊಂಡು ಬಂದು, ನಮ್ಮ ಕೊಟ್ಟಿಗೆಯಲ್ಲೇ ಅವಳಿಗೆ ಬಣ್ಣ ನೋಡುವುದನ್ನು ಕಲಿಸಿಕೊಂಡು ಹೋದ.

ನಮ್ಮ ಡಾಕ್ಟರಿಗೂ ವರ್ಗವಾಯಿತು. ಹೊರಡುವ ಮುಂಚೆ ಅವರು ಊಟಕ್ಕೆ ಬಂದಾಗ ಅಮ್ಮ ನನ್ನತ್ತ ಬೆರಳು ತೋರಿಸಿ ಕೇಳಿದಳು. "ನಮ್ಮ ಮಾವನಿಗಿತ್ತು, ಈಗ ನಂಗೆ. ಇವಳಿಗೂ ಬರ್ತದಾ?" ಮಾವ ಎಂದರೆ ಅಜ್ಜಿಯ ಆ ಅಣ್ಣ. ನಾವು ಮುಚ್ಚಿಟ್ಟದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

"ಬರಬಹುದು, ಬರದೆಯೂ ಇರಬಹುದು. ಮೈ ಬೆಳೆಸದೆ, ನಡೀತಾ ಇದ್ರೆ ದೂರ ತಳ್ಳಬಹುದು ಅಂತಾರೆ. ವರ್ಷಕ್ಕೊಮ್ಮೆ ನೋಡಿಕೊಳ್ಳಲಿ."

ಮಾರನೆಯ ಸಂಜೆಯಿಂದ ಅಮ್ಮ ನನ್ನನ್ನೂ ದಿಬ್ಬದವರೆಗೆ ಹೊರಡಿಸಿದಳು. ಮದುವೆಯಾಗಿ ತೀರ್ಥಹಳ್ಳಿಗೆ ಹೋದ ಮೇಲೂ ನಾನು ಆ ಅಭ್ಯಾಸ ಬಿಡಲಿಲ್ಲ. ಅಮ್ಮ ಎರಡೂ ಕಾಲುಗಳನ್ನು ಉಳಿಸಿಕೊಂಡು ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ವಯಸ್ಸಾಗಿ ಹೋದಳು. ನನಗೆ ಕಾಯಿಲೆ ಬಂದದ್ದು ಕೆಲಸದಿಂದ ನಿವೃತ್ತಳಾಗಿ ಎಷ್ಟೋ ವರ್ಷಗಳ ಮೇಲೆ. ಅಷ್ಟು ತಡವಾಗಿ ಬಂದದ್ದು ನಡಿಗೆಯಿಂದಲೋ, ಇಲ್ಲ ಅದರ ಪಾಡಿಗೆ ಅದು ಬರುವುದೇ ಆಗ ಎಂದಿತ್ತೋ ಹೇಳುವವರಿಲ್ಲ. ಈಗಿನ ಡಾಕ್ಟರಮ್ಮನನ್ನು ಕೇಳಿದೆ. "ಇನ್ನೊಂದು ಜನ್ಮದಲ್ಲಿ ನಡೆಯದೆ ಕೂತು ನೋಡಿದ್ರೆ ಮಾತ್ರ ಗೊತ್ತಾಗೋದು ಅಮ್ಮಾ," ಎಂದು ನಕ್ಕರು. ಅಮ್ಮ ಇದ್ದಿದ್ದರೆ ಆ ಉತ್ತರಕ್ಕೆ ಬಿಡುತ್ತಿರಲಿಲ್ಲ, ಇನ್ನೇನಾದರೂ ಕೇಳುತ್ತಿದ್ದಳು. ಏನು ಕೇಳುತ್ತಿದ್ದಳೋ ಎಂದು ಮನೆಗೆ ನಡೆದು ಬರುವಷ್ಟು ಹೊತ್ತೂ ಯೋಚಿಸಿದೆ.