ಎಂಟರ್ ಬಟನ್ನಿಗೆ ಕುಂಕುಮ

ಮೇನಕಾಳದು ಹುಟ್ಟಾ ಹೆದರಿಕೆಯ ಜೀವ. ತಮಿಳುನಾಡಿನ ಹರೂರಿನಲ್ಲಿ ಸೇಲಂ ಬಸ್ಸು ಹತ್ತಿ ಕೂತ ಮೇಲೂ ಇದು ಸೇಲಂಗೇ ಹೋಗುತ್ತಾ ಎಂದು ಕಂಡಕ್ಟರನ್ನು ಕೇಳುವವಳು. ಗ್ಯಾಸ್ ಆರಿಸಿ ಬೀದಿ ತನಕ ಹೋದವಳು ವಾಪಸ್ ಬಂದು ನೋಡುವವಳು. ಇಂಜಿನಿಯರಿಂಗ್ ಕಾಲೇಜಿನ ಜೊತೆಯವರು ಅವಳಿಗೆ ‘ಪಾಟ್ಟಿ’ ಎಂದು ಹೆಸರಿಟ್ಟಿದ್ದರು, ತಮಿಳಿನಲ್ಲಿ ಅಜ್ಜಿ. ಅನ್ನಲಿ ಬಿಡಿ, ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಅವಳೂ ಸಹಪಾಠಿ ಪ್ರಭುವೂ ಸೇರಿ ಕೊನೆಯ ವರ್ಷಕ್ಕೆಂದು ಒಂದು ರೋಬೋ ಮಾಡಿದ್ದರು. ಅವಳ ಅಮ್ಮ ಗೋವಿಂದಮ್ಮ ಸಾಬಕ್ಕಿ ಫ್ಯಾಕ್ಟರಿಯ ಕಣದಲ್ಲಿ ಕೆಲಸದವಳು. ಕಾದ ಸಿಮೆಂಟಿನ ಮೇಲೆ ಹರವಿದ ಸಾಬಕ್ಕಿಯನ್ನು ಬಿಸಿಲಲ್ಲಿ ಕೆದರಿ ಕೆದರಿ ಒಣಗಿಸಬೇಕು. ಆ ಕೆಲಸ ಮಾಡುವ ನಾಲ್ಕು ಚಕ್ರದ ಯಂತ್ರ ಅದು, ಬೆನ್ನ ಮೇಲೊಂದು ಹಳೇ ಲ್ಯಾಪ್‌ಟಾಪ್. ಎರಡು ಸಲ ಅದು ಮೇಷ್ಟ್ರ ಎದುರಿಗೇ ಗರಬಡಿದಂತೆ ನಿಂತುಬಿಟ್ಟಿತ್ತು. ಆಯುಧಪೂಜೆಯ ರಜೆ ಮುಗಿದ ಕೂಡಲೇ ಕೊನೆಯ ಪರೀಕ್ಷೆ, ಅದೂ ಅಮ್ಮನ ಕಣದಲ್ಲೇ. ಈ ಸಲವೂ ಕೈಕೊಟ್ಟರೆ ಪ್ರಾಜೆಕ್ಟೂ ಹೋಯಿತು, ವರ್ಷವೂ ಹೋಯಿತು.

ಜಗಳವೆಲ್ಲ ಸಾಫ್ಟ್‌ವೇರಿನದು. ಕ್ಯಾಮೆರಾದ್ದೊಂದು, ಚಕ್ರದ್ದೊಂದು, ಎರಡನ್ನೂ ನಡೆಸುವ ಮೂಲದ್ದೊಂದು. ಯಾವುದರ ಯಾವ ಆವೃತ್ತಿ ಯಾವುದಕ್ಕೆ ಹೊಂದುತ್ತದೆಂದು ಹುಡುಕುವಷ್ಟರಲ್ಲಿ ಮೇನಕಾ ಸುಸ್ತೋ ಸುಸ್ತು. ಕಡೆಗೆ ಮೂಲದ ಹಳೆಯ ಆವೃತ್ತಿಗೇ ಗಂಟುಬಿದ್ದಳು. ಬಂದು ಕೆಲವು ವರ್ಷ ಕಳೆದಿದ್ದು, ತಪ್ಪುಗಳನ್ನೆಲ್ಲ ತಿದ್ದಿಸಿಕೊಂಡು ಹದಕ್ಕೆ ಬಂದಿದ್ದು. ಆಮೇಲೆ ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ಪ್ರಭುವಿಗೆ ಮಾತ್ರ ಸಮಾಧಾನವಿಲ್ಲ. ಹೊಸದು ಬಂದಿದೆ, ಹೊಸದು ಹಾಕೋಣ ಎಂದು ಒಂದೇ ಹಟ. ಕ್ಯಾಮೆರಾ ಮಾಡಿದವರು ಹೊಸದಕ್ಕೆ ಇನ್ನೂ ತಯಾರಾಗಿಲ್ಲ ಎಂದರೆ ಪುಣ್ಯಾತ್ಮ ಕಿವಿಗೇ ಹಾಕಿಕೊಳ್ಳಲಿಲ್ಲ.

ಪೂಜೆಯ ದಿನ ಯಂತ್ರವನ್ನು ಮೇನಕಾಳ ಮನೆಗೆ ತಂದಿಳಿಸಿದ ಪ್ರಭು, ಹೊಸ ಆವೃತ್ತಿಗೆ ಬೇಕಾದ್ದನ್ನೆಲ್ಲ ಸಿದ್ಧಮಾಡಿ, ‘ಶುರು ಮಾಡಲೇ?’ ಎಂಬ ಕೊನೆಯ ಪ್ರಶ್ನೆಗೆ ತಂದು ನಿಲ್ಲಿಸಿ, ಯೋಚನೆ ಮಾಡಿ ಎಂಟರ್ ಒತ್ತು ಎಂದು ಹೊರಟುಹೋದ. ಒತ್ತುವ ಮನಸ್ಸು ಅವಳಿಗಿರಲಿಲ್ಲ. ಆದರೆ ಅವನು ಹೇಳಿದ್ದೇ ಸರಿಯಾಗಿದ್ದರೆ? ಆ ಅಳುಕಿಗೆ ಪ್ರಶ್ನೆಯನ್ನು ಮುಚ್ಚಲೂ ಇಲ್ಲ. ಹಾಗೇ ಬಿಟ್ಟು ನೀರು ಹಿಡಿಯಲು ಹೋದಳು.

ಬಂದು ನೋಡಿದರೆ ಅಮ್ಮನ ಪೂಜೆ ಮುಗಿದಿದೆ! ಕುಡುಗೋಲು, ಒನಕೆ, ಮಿಕ್ಸಿ, ಅವುಗಳ ಪಕ್ಕ ರೋಬೋ. ಚಕ್ರಕ್ಕೆ ವಿಭೂತಿ, ಲ್ಯಾಪ್‌ಟಾಪಿನ ಪರದೆಗೆ ಅಡ್ಡವಾಗಿ ಸೇವಂತಿಗೆ ಹಾರ, ಕೀಬೋರ್ಡಿನ ದೊಡ್ಡ ಬಟನ್ನಿಗೆ ಗಂಧ, ಗಂಧದ ಮೇಲೆ ಒತ್ತಿ ಇಟ್ಟ ಕುಂಕುಮ. ಎಂಟರ್ ಬಟನ್ನು! ಹಾರದ ಸಂದಿಯಲ್ಲಿ ಅಕ್ಷರಗಳು ಓಡುತ್ತಿದ್ದವು.

“ಅಯ್ಯೋ ಅಮ್ಮಾ, ಏನು ಮಾಡ್ದೆ!”

“ಏನಾಯ್ತೇ? ಬೊಟ್ಟು ಮಡಗ್ದೆ. ಮುಟ್ಟಬ್ಯಾಡ ಲೇ. ನಾಳೆ ಮರುಪೂಜೆ ಆಗೋಗಂಟ ಯಾರೂ ಮುಟ್ಟಂಗಿಲ್ಲ.”

ಮೇನಕಾ ಮೊಬೈಲ್ ಕೈಗೆತ್ತಿಕೊಂಡಳು. ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಹೋಗುತ್ತಿದ್ದುದು ಅವಳ ಮೊಬೈಲಿನಿಂದ. ಹೊಸದು ಇನ್ನೂ ಡೌನ್‌ಲೋಡ್ ಆಗುತ್ತಿದ್ದರೆ ಈಗಲೇ ಇಂಟರ್‌ನೆಟ್ ಕತ್ತರಿಸಬಹುದು, ಹಳೆಯದು ಇದ್ದ ಹಾಗೇ ಉಳಿಯುತ್ತದೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಲು ಶುರುವಾಗಿದ್ದರೆ? ನಡುವೆ ಕೈಹಾಕಿದರೆ ಅದೂ ಇಲ್ಲ, ಇದೂ ಇಲ್ಲ. ಯಾವುದು ನಡೆಯುತ್ತಿದೆಯೋ ಹಾರದ ಹಿಂದೆ ಕಾಣದು. ಬಗ್ಗಿ ನೋಡಿದಳು, ಓರೆಯಾಗಿ ನೋಡಿದಳು. ಕಂಡದ್ದು ಬರೀ ಸೇವಂತಿಗೆ. ಕೈ ಚಾಚಿದರೆ ಅಮ್ಮ ರಪ್ಪನೆ ತಟ್ಟಿದಳು.

“ಅಮ್ಮಾ, ಅದು ಕೆಟ್ಟರೆ ನಾನು ಫೇಲು! ಒಂದು ವರ್ಷ ಓಗ್ತದೆ!” ಮೇನಕಾಳಿಗೆ ಅಳುವೇ ಬಂತು.

ಗೋವಿಂದಮ್ಮನ ಮುಖ ಬಿಳಿಚಿಕೊಂಡಿತು. “ನಾನಾ ಕೆಡಿಸ್ದೆ?”

ದೇವರ ಪಟದ ಕಡೆ ತಿರುಗಿ ಗಲ್ಲ ಬಡಿದುಕೊಂಡಳು. “ಮನ್ನಿಚ್ಚಿಡು ತಾಯೇ,” ಎಂದು ತಮಿಳಿನಲ್ಲೇ ಕ್ಷಮೆ ಕೇಳಿದಳು. ಆಮೇಲೆ ಮಗಳಿಗೆ, “ಆಕಿದೋಳು ನಾನು, ಎತ್ತೋಳೂ ನಾನೇ. ನೀ ಓದು ಬಿರ್ರನೆ,” ಎಂದು ಎರಡು ಬೆರಳಲ್ಲಿ ಹಾರವನ್ನು ಮೇಲಕ್ಕೆ ಹಿಡಿದಳು.

ಡೌನ್‌ಲೋಡ್ ಇನ್ನೂ ನಡೆಯುತ್ತಿತ್ತು, ಮುಗಿಯಲು ಚೂರೇ ಚೂರು ಬಾಕಿ. ಮೇನಕಾ ಮೊಬೈಲನ್ನೇ ಆರಿಸಿಬಿಟ್ಟಳು. ಅಕ್ಷರಗಳು ನಿಂತವು. ನಿಂತೇ ಇದ್ದವು. ಅಮ್ಮ ಹಾರವನ್ನು ಹಿಡಿದೇ ಇದ್ದಳು. ಕಡೆಗೊಮ್ಮೆ ಒಂದು ಸಾಲು ಮೂಡಿತು: ಆಗಲಿಲ್ಲ, ಎಲ್ಲವನ್ನೂ ಮೊದಲಿದ್ದಂತೆ ಬಿಡಲಾಗಿದೆ.

ಮೇನಕಾ ಮೊಬೈಲನ್ನು ಮತ್ತೆ ಆನ್ ಮಾಡಿ ಪ್ರಭುವಿಗೆ ಫೋನ್ ಹಚ್ಚಿ, ಹಳೆಯದೇ ಇರುತ್ತದೆ, ಇನ್ನು ಯಾರೂ ಕೈಹಾಕಕೂಡದು ಎಂದಳು. ಆ ದನಿಗೆ ಅವನು ಎದುರಾಡಲಿಲ್ಲ. “ಸರಿ ಪಾಟ್ಟಿ,” ಎಂದ.

ಪರೀಕ್ಷೆಯ ದಿನ ಮೇಷ್ಟ್ರು ಕಣಕ್ಕೆ ಬರುವ ಮುಂಚೆ ಗೋವಿಂದಮ್ಮ ಕುಂಕುಮದ ಡಬ್ಬಿ ಹಿಡಿದು ಬಂದಳು.

“ಲೇ ಮೇನಕಾ, ಬ್ಯಾಡ ಅನ್ನೋ ಬಟನ್ನು ಯಾವ್ದೈತೆ?”

ಮೇನಕಾ ನಕ್ಕು ಎಸ್ಕೇಪ್ ಬಟನ್ನು ತೋರಿಸಿದಳು. ಅಮ್ಮ ಈ ಸಲ ಒತ್ತಲಿಲ್ಲ, ಬೆರಳ ತುದಿ ಸೋಕಿಸಿ ಒಂದು ಬೊಟ್ಟು ಇಟ್ಟಳು.

ಯಂತ್ರ ಹೊರಟಿತು. ಕಣದ ತುದಿಯಲ್ಲಿ ತಿರುಗಬೇಕಾದ ಕಡೆ ಒಂದು ಗಳಿಗೆ ತಡೆಯಿತು. ಆಮೇಲೆ ಅದು ಮೆಲ್ಲಗೆ ತಿರುಗಿ, ಸಾಬಕ್ಕಿಯನ್ನು ಕೆದರುತ್ತಾ ವಾಪಸ್ ಬಂತು. ಮೇಷ್ಟ್ರು ಹೂಂ ಎಂದರು. ಮೇನಕಾ ಮೇಷ್ಟ್ರ ಕಡೆ ನೋಡಲೇ ಇಲ್ಲ. ಅಷ್ಟು ದೂರದಲ್ಲಿ, ಉರಿಬಿಸಿಲ ಹೊತ್ತಿನಲ್ಲಿ, ಅಮ್ಮ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ಕಣದಲ್ಲಿ ಅಮ್ಮ ಹಾಗೆ ಕೂತದ್ದನ್ನು ಮೇನಕಾ ನೋಡಿದ್ದು ಅದೇ ಮೊದಲು.