ಇಪ್ಪತ್ಮೂರನೆಯ ಚುಕ್ಕೆ

ಜಟ್ಟೆಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಮುಂಬೈ ಪಕ್ಕದ ದಿವಾದಲ್ಲಿ ಅವನಿದ್ದ ವಠಾರದವರು, ಆ ಚಾಳಿನವರೆಲ್ಲ ನಗುತ್ತಿದ್ದರು. ಜೇವರ್ಗಿ ಕಡೆಯಿಂದ ಬಂದು ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ಹದಿನೇಳು ವರ್ಷ ಮೂಟೆ ಹೊತ್ತವನು. ಯಾರದೋ ರೇಷನ್ ಕಾರ್ಡಿರಲಿ, ಯಾರದೋ ಆಸ್ಪತ್ರೆಯಿರಲಿ, ಅವನೇ ಮುಂದೆ. ಅಂಥವನು ಒಂದೇ ಒಂದು ಮಾತನ್ನು ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡ. ಅದೂ ಇಟ್ಟುಕೊಳ್ಳಬಾರದಾಗಿದ್ದ ಮಾತು.

2015ರಲ್ಲಿ ಡಾಕ್ಟರ್ ಮಾನಸಿ ಚಾಳಿಗೆ ಬಂದಳು. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಅಲ್ಲೇ ಹತ್ತಿರದ ಠಾಣೆ ಪಟ್ಟಣದಲ್ಲಿ. ಬಣ್ಣದ ಕಾರ್ಖಾನೆಯ ಪುಡಿಯು ಕೆಲಸಗಾರರ ಕಿಡ್ನಿಗೆ ಏನು ಮಾಡುತ್ತದೆಂದು ಅವಳಿಗೆ ತಿಳಿಯಬೇಕಿತ್ತು. ಯಾರೂ ಹಣ ಕೊಡದಿದ್ದಾಗ ಇಂಟರ್‌ನೆಟ್‌ನಲ್ಲಿ ಜನರ ಮುಂದೆಯೇ ಕೈಯೊಡ್ಡಿದ್ದಳು. ಹಣ ಬಂತು, ರಕ್ತ ಕೊಡುವವರು ಬರಲಿಲ್ಲ. ಜಟ್ಟೆಪ್ಪ ಮನೆಮನೆ ತಿರುಗಿ, ಬೈದು, ಪುಸಲಾಯಿಸಿ ನಲವತ್ತು ಜನರನ್ನು ಕೂರಿಸಿದ. ಶೀಶೆಗಳಿಗೆ ನಂಬರಿನ ಚೀಟಿ ಅಂಟಿಸಿದವನೂ ಅವನೇ. ಕಾರ್ಖಾನೆಯಲ್ಲಿ ಬಣ್ಣದ ಪುಡಿ ತುಂಬುವ ಗೆಳೆಯ ಹುಲಗಪ್ಪ ಸೂಜಿ ನೋಡಿ ಹೆದರಿದಾಗ ಅವನ ಕೈ ಹಿಡಿದುಕೊಂಡು ಕೂತಿದ್ದ. ಹುಲಗಪ್ಪನ ಶೀಶೆ ಇಪ್ಪತ್ಮೂರು.

ದೀಪಾವಳಿಗೆ ಮೊದಲು ನವಿ ಮುಂಬೈನ ಬೇಲಾಪುರದಲ್ಲಿ ಹಣ ಕೊಟ್ಟವರ ಸಭೆಯಾಯಿತು, ಜಟ್ಟೆಪ್ಪನನ್ನೂ ಕರೆದಿದ್ದರು. ಮಾನಸಿ ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸಿದಳು. ಹೆಸರಿಲ್ಲ, ಬರೀ ನಂಬರು. ಕೆಂಪು ಗೆರೆ ದಾಟಿದವರ ಕಿಡ್ನಿ ಸೋಲುತ್ತಿದೆ, ಪುಡಿಯಿಂದ ದೂರವಾದರೆ ಉಳಿದೀತು, ಆದರೆ ಸದ್ಯಕ್ಕೆ ಇದು ಹೊರಗೆ ಹೋಗಬಾರದು ಎಂದಳು. ಎಲ್ಲಕ್ಕಿಂತ ಮೇಲೆ ಇಪ್ಪತ್ಮೂರು ಕೂತಿತ್ತು. ಅದು ಯಾರೆಂದು ಆ ಸಭೆಯಲ್ಲಿ ಗೊತ್ತಿದ್ದವನು ಜಟ್ಟೆಪ್ಪನೊಬ್ಬನೇ.

ಹಣ ಕೊಟ್ಟವರಲ್ಲೊಬ್ಬರಾದ ಹೋಟೆಲಿನ ವಸಂತಕುಮಾರ ಎದ್ದು ನಿಂತರು. "ದುಡ್ಡು ಕೊಟ್ಟದ್ದು ನಾವು, ರಕ್ತ ಕೊಟ್ಟದ್ದು ಅವರು. ಮತ್ತೆ ಮುಚ್ಚಿಡುವುದು ಯಾರಿಂದ ಡಾಕ್ಟ್ರೇ? ನಾಳೆಯೇ ನೆಟ್ಟಿಗೆ ಹಾಕಿ."

"ಇಲ್ಲ ಅಂಕಲ್, ಫಸ್ಟ್ ಜರ್ನಲ್‌ನಲ್ಲಿ ಬರ್ಬೇಕು. ಇನ್ನೊಮ್ಮೆ ರಕ್ತ ತೆಗೆದು ಪಕ್ಕಾ ಮಾಡ್ಬೇಕು. ಈಗಲೇ ಹೊರಗೆ ಹೋದ್ರೆ ಕಂಪನಿಯವರು ಸುಳ್ಳು ಅಂತಾರೆ, ಜರ್ನಲ್‌ನವರೂ ತಗೊಳ್ಳುದಿಲ್ಲ. ನಲವತ್ತು ಜನರದ್ದೂ ವೇಸ್ಟ್ ಆಗ್ತದೆ."

ಸಭೆ ಮುಗಿದ ಮೇಲೆ ಅವಳು ಜಟ್ಟೆಪ್ಪನ ಬಳಿ ಬಂದಳು. "ಅಣ್ಣಾ, ನಂಬರು ಯಾರದ್ದಂತ ನಿಮಗೆ ಗೊತ್ತುಂಟು. ಪ್ಲೀಸ್, ಯಾರಿಗೂ ಹೇಳ್ಬೇಡಿ." ಓದಿದ ಹುಡುಗಿ ಕೈಮುಗಿದು ಕೇಳಿದಳಲ್ಲ, ಪುಣ್ಯಾತ್ಮ ಮಾತು ಕೊಟ್ಟುಬಿಟ್ಟ.

ಕೊಟ್ಟನೇನೋ ಸರಿ, ಸಂಕಟ ತಡೆಯಲಾಗಲಿಲ್ಲ. ಮರುದಿನವೇ ಹುಲಗಪ್ಪನನ್ನು ಹಿಡಿದ.

"ಆ ಪುಡಿ ತುಂಬೋ ಕೆಲಸ ಬಿಡಲೇ. ನನ್ನ ಜೋಡಿ ಲೋಡಿಂಗಿಗೆ ಬಾ."

"ಯಾಕ ಬಿಡ್ಲಿ? ಅಲ್ಲಿ ಪಗಾರ ಜಾಸ್ತಿ ಅದ."

"ನಾ ಹೇಳ್ತೀನಿ, ಬಿಡು ಅಷ್ಟ."

ಹುಲಗಪ್ಪ ಕಣ್ಣು ಸಣ್ಣ ಮಾಡಿದ. "ನಿನ್ನ ಹೆಂಡ್ತಿ ತಮ್ಮ ಊರಿಂದ ಬಂದಾನಲ್ಲ, ಅವಗ ನನ್ನ ಜಾಗ ಬೇಕಾಗ್ಯಾದೇನು?"

ಜಟ್ಟೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದ ನಿಜವನ್ನು ನುಂಗಿ ಬೈಗುಳವನ್ನಷ್ಟೇ ಉಗುಳಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹುಲಗಪ್ಪ ಹಟಕ್ಕೆ ಬಿದ್ದು ಅಲ್ಲೇ ಉಳಿದ, ಎರಡನೆಯ ಸಲ ರಕ್ತ ಕೊಡಲೂ ಬರಲಿಲ್ಲ. ಬೇಸಿಗೆಯಲ್ಲಿ ಅವನ ಕಾಲು ಊದಿತು, ಆಮೇಲೆ ಮುಖ. ಮಳೆ ಶುರುವಾಗುವ ಹೊತ್ತಿಗೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಕಲ್ಯಾಣ ಪಟ್ಟಣದ ಆಸ್ಪತ್ರೆಗೆ ಹೋಗುತ್ತಿದ್ದ.

ಆಗ ಜರ್ನಲ್‌ನಲ್ಲಿ ಲೇಖನ ಅಚ್ಚಾಯಿತು. ಮಾನಸಿ ರಕ್ತ ಕೊಟ್ಟ ಎಲ್ಲರಿಗೂ ಪ್ರತಿ ಕಳಿಸಿದಳು. ಹಂಚುವವನು ಮತ್ತೆ ಜಟ್ಟೆಪ್ಪನೇ! ಹುಲಗಪ್ಪನ ಮನೆಯನ್ನು ಕೊನೆಗಿಟ್ಟುಕೊಂಡ. ಹುಲಗಪ್ಪನ ಹೆಂಡತಿ ಪದ್ಮಾವತಿ ನೀರು ತಂದಿಟ್ಟಳು. ಗಂಡನಿಗೆ ಡಾಕ್ಟರು ಹೇಳಿದಂತೆ ಅಳೆದು ಅರ್ಧ ಲೋಟ, ಬಂದವನಿಗೆ ತುಂಬ.

ಹುಲಗಪ್ಪ ಹಾಳೆ ತಿರುವಿದ. "ಇದರಾಗ ನಾ ಎಲ್ಲಿದ್ದೀನೋ?"

ಜಟ್ಟೆಪ್ಪ ಹುಡುಕಲಿಲ್ಲ. ಬೆರಳು ನೇರವಾಗಿ ಎಲ್ಲಕ್ಕಿಂತ ಮೇಲಿನ ಚುಕ್ಕೆಗೇ ಹೋಯಿತು. ಹುಲಗಪ್ಪ ಆ ಬೆರಳನ್ನೇ ನೋಡಿದ.

"ನಿನಗ ಯಾವಾಗ ಗೊತ್ತಾತು?"

"ದೀಪಾವಳಿ ಮುಂದ."

"ಲೋಡಿಂಗಿಗೆ ಬಾ ಅಂದಿದ್ದಿ ಅವತ್ತು..."

"ಹೂಂ."

ಪದ್ಮಾವತಿ ಜಟ್ಟೆಪ್ಪನ ಮುಂದಿದ್ದ ತುಂಬಿದ ಲೋಟ ಎತ್ತಿಕೊಂಡು ಒಳಗೆ ಹೋದಳು.